ಹೊಳಿ ಓಣಿಗೆ ನೀರು

ಪೂನಮ ಗಾಬರಿಯಿಂದ ಕಂಪ್ಯೂಟರಿಗೆ ಹಚ್ಚಿದ್ದ ತನ್ನ ಮೊಬೈಲಿನ ಕೇಬಲ್ ಕಿತ್ತಳು. ಕಿತ್ತೇನು ಬಂತು, ಅಷ್ಟರಲ್ಲಿ ನೂರಾ ಎಂಬತ್ತು ಮೆಸೇಜು ಹೋಗಿಯಾಗಿತ್ತು. ಹೋದದ್ದೂ ಎಲ್ಲಿಗೆ? ಕೃಷ್ಣಾ ಹೊಳೆಯ ದಂಡೆಯ ಮೇಲಿರುವ ಅವಳ ಸ್ವಂತ ಊರಿಗೆ, ಮನೆಮನೆಗೆ. ಎಲ್ಲದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸಾಲು: ‘ಹೊಳಿ ಓಣಿಗೆ ನೀರ ಬಿಟ್ಟಾರ’.

“ಸರ್, ನಾ ‘ತೋರಿಸು’ ಅನ್ನೋದನ್ನ ಒತ್ತೇನ್ರಿ. ಮೆಸೇಜ ಹ್ಯಾಂಗ ಕಾಣತೈತಿ ನೋಡೂಣಂತ. ‘ಕಳಿಸು’ ಅನ್ನೋದನ್ನ ಮುಟ್ಟೇ ಇಲ್ರಿ! ದೇವರಾಣಿ!”

ಚಿಕ್ಕೋಡಿಯ ಆ ಕಂಪ್ಯೂಟರ್ ಕ್ಲಾಸಿನಲ್ಲಿ ಪ್ರೋಗ್ರಾಮು ಬರೆಯುವ ಜಾವಾ ಭಾಷೆ ಕಲಿಸುವವರು ಶ್ರೀಪಾಲ ಸರ್. ಎರಡು ತಿಂಗಳಿಂದ ಸ್ಪ್ರಿಂಗ್ ಎಂವಿಸಿ ಎನ್ನುವ ಪಾಠ ನಡೆದಿತ್ತು. ಮಾಡೆಲ್ ಎಂದರೆ ಒಳಗಿನ ಸಂಗ್ರಹ, ವ್ಯೂ ಎಂದರೆ ಮಂದಿಗೆ ಕಾಣುವ ಮುಖ, ನಡುವೆ ನಿಂತು ಯಾವುದನ್ನು ಎತ್ತ ಬಿಡಬೇಕೆಂದು ನೋಡುವವನು ಕಂಟ್ರೋಲರ್. ಉಳಿದವರು ತಲೆ ಕೆರೆದುಕೊಳ್ಳುವಾಗ ಪೂನಮಳಿಗೆ ಒಂದೇ ಏಟಿಗೆ ತಿಳಿದಿತ್ತು. ಕಂಟ್ರೋಲರ್ ಎಂದರೆ ನಮ್ಮಪ್ಪ! ಅವಳಪ್ಪ ರಾವಸಾಹೇಬ ಊರಿನ ವಾಟರ್‌ಮನ್. ಯಾವ ಓಣಿಗೆ ಯಾವಾಗ ನಳದ ನೀರು ಎನ್ನುವುದು ಅವನ ಕೈಯಲ್ಲಿತ್ತು. ಅದಕ್ಕೇ ಅವಳು ಊರಿನ ನೀರಿನ ಪಾಳಿಯನ್ನೇ ಪ್ರಾಜೆಕ್ಟು ಮಾಡಿದ್ದಳು. ಅಪ್ಪ ಒಂದು ಓಣಿಗೆ ನೀರು ಬಿಟ್ಟನೆಂದರೆ ಎಲ್ಲರ ಮೊಬೈಲಿಗೂ ಸುದ್ದಿ.

ಸರ್ ಕೋಡು ತೆಗೆದು ನೋಡಿದರು. ಹಣೆ ಹಣೆ ಬಡಿದುಕೊಂಡರು.

“‘ಕಳಿಸು’ ಅನ್ನೋದರ ಕೋಡನ್ನ ಕಾಪಿ ಹೊಡದು ‘ತೋರಿಸು’ ಅಂತ ಹೆಸರಿಟ್ಟಿ. ಒಳಗ ಕಳಿಸೋ ಸಾಲು ಹಂಗ ಐತಲ್ಲವಾ! ಅದರ ಮ್ಯಾಲ ಖರೇ ನಂಬರ ಯಾಕ ತುಂಬಿದಿ? ಖೊಟ್ಟಿ ನಂಬರ ಹಾಕಂತ ಎಷ್ಟ ಬಡಕೊಂಡಿದ್ದೆ!”

ಬಡಕೊಂಡಿದ್ದು ನಿಜ. ಆದರೆ ತನ್ನ ಊರಿನವರ ಹೆಸರು ಪರದೆಯ ಮೇಲೆ ಸಾಲಾಗಿ ಮೂಡುವುದನ್ನು ನೋಡುವ ಹುಚ್ಚು ಅವಳಿಗೆ. ಅಪ್ಪನ ವಹಿಯಲ್ಲಿದ್ದ ನಂಬರುಗಳನ್ನೆಲ್ಲ ಒಂದೂ ಬಿಡದೆ ತುಂಬಿದ್ದಳು.

“ಹೋಗ್ಲಿ ಬಿಡು, ನಳಾ ಬಂತಂತ ತಿಳೀತಾರ. ನಾಕ ಮಂದಿ ಬೈತಾರ, ಅಷ್ಟ,” ಎಂದರು ಸರ್. ಪಾಪ, ಅವರು ಪೇಟೆಯವರು. ಪೂನಮಳಿಗೆ ಗೊತ್ತಿತ್ತು. ‘ನೀರ ಬಿಟ್ಟಾರ’ ಎಂದರೆ ಅವಳ ಊರಿನವರು ಬೇಸಿಗೆಯಲ್ಲಿ ಕೊಡ ಹಿಡಿದು ಓಡುತ್ತಾರೆ. ಮಳೆಗಾಲದಲ್ಲಿ ಅದೇ ಮಾತಿಗೆ ಗಂಟು ಕಟ್ಟಿ ಓಡುತ್ತಾರೆ. ಆಗ ನೀರು ಬಿಡುವವರು ಮೇಲಿನ ಮಹಾರಾಷ್ಟ್ರದ ಡ್ಯಾಮಿನವರು. ಈಗ ಜುಲೈ ಕೊನೆ, ನಾಲ್ಕು ದಿನದಿಂದ ಬಿಡದ ಮಳೆ, ತಗ್ಗಿನ ಸೇತುವೆ ಆಗಲೇ ಮುಳುಗಿತ್ತು.

“ದಿನದ ಮಿತಿ ಮುಗೀತ ಬಂತು, ಈ ಸಿಮ್ಮಿಂದ ಇವತ್ತ ಇನ್ನ ಅಷ್ಟ ಮೆಸೇಜ ಹೋಗಾಂಗಿಲ್ಲ. ನನ್ನ ಮೊಬೈಲ ಹಚ್ಚಿ, ಅದು ಸುಳ್ಳಂತ ಕಳಸೂಣು. ನೀ ನಿಮ್ಮಪ್ಪಗ ಫೋನ ಹಚ್ಚು,” ಎಂದರು ಸರ್, ಅವಳ ಮುಖ ನೋಡಿ.

ಅರ್ಧ ತಾಸಿನಲ್ಲಿ ಮೂರು ಸಲ ಹಚ್ಚಿದರೂ ಹತ್ತಲಿಲ್ಲ. ನಾಲ್ಕನೆಯ ಸಲ ರಾವಸಾಹೇಬ ಎತ್ತಿದ. ಹಿಂದೆ ಗಾಳಿಯ ಸದ್ದು, ದನಗಳ ಅಂಬಾ, ಕೂಸುಗಳ ಅಳು.

“ಅಪ್ಪಾ, ಎಲ್ಲಿದ್ದಿ?”

“ಸಾಲಿ ದಿಬ್ಬದ ಮ್ಯಾಲ. ಹೊಳಿ ಓಣಿ ಪೂರಾ ಮ್ಯಾಲ ಹತ್ತಿಸೇನಿ. ಕಾಶಿಬಾಯಿ ಆಯಿನ್ನ ಹೊರಸಿನ ಸಮೇತ ಹೊತ್ತ ತಂದ್ವಿ. ರಾಡ್ಯಾಗ ಜಾರಿ, ಹೊರಸ ಹೊತ್ತಿದ್ದ ಮಾಳಸಿದ್ದನ ಕೈ ಮುರದೈತಿ.”

“ನೀನ ಹತ್ತಿಸಿದೇನಪ್ಪಾ?”

“ಮತ್ಯಾರು? ಮಂದಿ ಮೊದಲ ನಳಾ ಬಂತಂತ ಕೊಡಾ ಹುಡಕಾಕತ್ತಿದ್ರು. ನಾ ಒದರಿದೆ. ‘ಲೇ, ವಾಲ್ವಿನ ಚಾವಿ ನನ್ನ ಕಿಸೇದಾಗ ಐತಿ. ನಾ ಬಿಟ್ಟಿಲ್ಲಂದ ಮ್ಯಾಲ ಬಿಟ್ಟಾವ್ರು ಡ್ಯಾಮಿನವ್ರ, ಏಳ್ರಿ!’ ಎಲ್ಲಾರ್ಕಿಂತ ಮೊದಲ ನಿನ್ನ ಕಂಪ್ಯೂಟರ ಸುದ್ದಿ ಕೊಡ್ತು ನೋಡವಾ. ಭಾಳ ಪುಣ್ಯಾ ಕಟಗೊಂಡಿ.”

ಹೇಳದೇ ಇದ್ದರೆ? ಪೂನಮಳಿಗೆ ಒಂದು ಗಳಿಗೆ ಹಾಗೂ ಅನ್ನಿಸಿತು. ಕಡೆಗೆ ಅಳುತ್ತಲೇ ಹೇಳಿದಳು, “ಅಪ್ಪಾ, ಅದು ಟೆಸ್ಟ್ ಇತ್ತು. ನಾ ತಪ್ಪ ಬರದು ಹೋಗಿಬಿಡ್ತು.”

ಅಪ್ಪ ಬೈದಿದ್ದರೆ ಎಷ್ಟೋ ಚಲೋ ಇತ್ತು. ಬೈಯಲಿಲ್ಲ. ಮಂದಿಗೆ ಕೇಳಬಾರದೆಂದು ದನಿ ಇಳಿಸಿದ. “ಹಂಗಾರ ಹೊಳಿಗೆ ನೀರ ಬಿಟ್ಟಿಲ್ಲ?”

“ಅದು ನನಗ ಗೊತ್ತಿಲ್ಲಪ್ಪಾ.”

“ಗೊತ್ತಿಲ್ಲ ಅಂದ್ರ? ಮಂದಿ ಇಳೀಲೇನು ಅಂತ ನನ್ನ ಮಾರಿ ನೋಡಾಕತ್ತಾರ. ಕೂಸುಗೋಳು ತೊಯ್ಯಾಕತ್ತಾವು. ಏನ ಹೇಳ್ಲಿ?”

ಇತ್ತ ಶ್ರೀಪಾಲ ಸರ್ ತಮ್ಮ ಮೊಬೈಲು ಹಚ್ಚಿ, ಕೋಡು ಸರಿಮಾಡಿ, ಹೊಸ ಸಾಲು ಟೈಪು ಮಾಡಿದ್ದರು: ‘ಮೊದಲ ಬಂದದ್ದು ಸುಳ್ಳು. ನೀರ ಬಿಟ್ಟಿಲ್ಲ. ಎಲ್ಲಾರೂ ಮನಿಗೆ ಹೋಗ್ರಿ.’ ಬೆರಳು ‘ಕಳಿಸು’ವಿನ ಮೇಲೇ ಇತ್ತು.

“ತಡೀರಿ ಸರ್!” ಪೂನಮ ಚೀರಿದಳು. “ಅದು ಸುಳ್ಳಂತ ನಮಗರ ಯಾರ ಹೇಳ್ಯಾರ್ರಿ?”