ಓಡಾಡೋರು ಎಷ್ಟು ಜನ?

"ಮನೇಲಿ ಎಷ್ಟು ಜನ ಇದೀರಮ್ಮ?" ವಾಟರ್ ಸಾಫ್ಟ್‌ನರ್ ಅಂಗಡಿಯ ಚೆನ್ನಕೇಶವ ಕುರ್ಚಿಯಿಂದ ಏಳದೆಯೇ ಕೇಳಿದ.

"ಮೂರು," ಎಂದಳು ಸುಗುಣ.

"ಓಡಾಡೋರು?"

ಅವಳು ಮನಸ್ಸಲ್ಲೇ ಎಣಿಸಿದಳು. ಊರಿನ ಗಡಸು ನೀರು ಕುಡಿದೂ ಕುಡಿದೂ ಅತ್ತೆ ಹೋದ ತಿಂಗಳೇ ಕಲ್ಲಾಗಿ ನಡುಮನೆಯಲ್ಲಿ ಕೂತುಬಿಟ್ಟಿದ್ದರು. ಮಗಳ ಕಿರುಬೆರಳು ಬೆಳಿಗ್ಗೆಯಿಂದ ಮಡಚುತ್ತಿರಲಿಲ್ಲ.

"ಇಬ್ಬರು."

"ಹಾಗಾದ್ರೆ ಚಿಕ್ಕ ಮಿಷನ್ ಸಾಕು. ಬಿಸಿಲಲ್ಲಿ ಬಂದಿದೀರ, ಮೊದಲು ನೀರು ಕುಡೀರಿ."

ಕೊಟ್ಟ ನೀರನ್ನು ಬೇಡ ಎನ್ನಲಾಗದೆ ಗಟಗಟನೆ ಕುಡಿದಳು. ಆಮೇಲೆ ಖಾಲಿ ಲೋಟದ ತಳ ನೋಡಿದಳು. "ಈ ನೀರು ಯಾವ ಮಿಷನ್‌ದು?"

"ಮಿಷನ್ ನಮಗೆಲ್ಲಿ ಉಳಿಯುತ್ತಮ್ಮ? ಬಂದಿದ್ದೆಲ್ಲ ನಿಮ್ಮಂಥೋರಿಗೇ ಹೋಗುತ್ತೆ. ನಾನು ಈ ಕುರ್ಚಿಯಿಂದ ಎದ್ದು ವಾರವಾಯ್ತು."

ಲೋಟ ಹಿಡಿದ ಬೆರಳುಗಳನ್ನು ಸುಗುಣ ಒಂದೊಂದಾಗಿ ಬಿಡಿಸಿ ನೋಡತೊಡಗಿದಳು. ಕಿರುಬೆರಳಿನ ಸರದಿ ಬಂದಾಗ ಕಣ್ಣು ಮುಚ್ಚಿಕೊಂಡಳು.