ಯಾರೂ ತಿದ್ದದ ಪುಟ

ನಿಮ್ಮ ಮನೆಯ ದೀಪ ಬೆಳಗುವುದಕ್ಕಾಗಿ ಯಾವ ಊರಿನ ಬಾವಿಗೆ ವಿಷ ಬಿದ್ದಿತೆಂದು ನೀವು ಎಂದಾದರೂ ಕೇಳಿದ್ದೀರಾ?

ವರದಿಗಾರ್ತಿ ನೀಲಗಂಗಾ ಕೇಳಿದ್ದಳು. ಉಷ್ಣವಿದ್ಯುತ್ ಸ್ಥಾವರದ ಬೂದಿಕೊಳದಿಂದ ಒಸರಿದ ವಿಷ ಕೆಳಗಿನ ಹಳ್ಳಿಯ ಬಾವಿಗಳನ್ನು ಸೇರಿದೆಯೆಂದು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಂಡೇ ವರದಿ ಬರೆದಿದ್ದಳು. ಸಂಪಾದಕರು ಅದನ್ನು ಮತ್ತೊಮ್ಮೆ ಅವಳ ಮುಂದೆ ಎಸೆದರು.

"ನಿಮ್ಮ ಪಗಾರ ಬರೂದು ಆ ಸ್ಥಾವರದವರ ಜಾಹೀರಾತಿನಿಂದ, ನೆನಪಿರಲಿ."

"ಆ ನೀರು ಕುಡಿದು ಮಕ್ಕಳ ಮೈತುಂಬ ಹುಣ್ಣಾಗ್ಯಾವ, ಸರ್. ಕುಡೀಬ್ಯಾಡ್ರಿ ಅಂತ ನಾ ಹೇಳಿದ್ರ, 'ಪೇಪರ್‌ನಾಗ ಬರಲಿ ತಂಗಿ, ಆಮ್ಯಾಲ ನಂಬ್ತೀವಿ' ಅಂತಾರ. ಒಂದು ಸಾಲರ ಹಾಕ್ರಿ!"

"ಒಂದಕ್ಷರಾನೂ ಬರಂಗಿಲ್ಲ! ಭಾಳ ಶಾಣ್ಯಾ ಇದ್ದೀರಲ್ಲ, ಇವತ್ತಿಂದ ದಿನಭವಿಷ್ಯ ಬರೀರಿ. ಶಾಸ್ತ್ರಿಗಳು ಕಾಶಿಗೆ ಹೋಗ್ಯಾರ. ಹೋದ ವರ್ಷದ್ದನ್ನ ರಾಶಿ ಅದಲುಬದಲು ಮಾಡಿ ಹಾಕಿದ್ರ ಮುಗೀತು. ಅದನ್ನ ನಾನೂ ನೋಡಂಗಿಲ್ಲ, ನೇರ ಅಚ್ಚಿಗೆ ಹೋಗ್ತದ."

ಸತ್ಯವನ್ನು ಮಾರಿ ಬದುಕುವ ಆ ಮನುಷ್ಯನ ಎದುರು ಅವಳ ಮೈಯೆಲ್ಲ ಉರಿಯಿತು. ಆದರೂ "ಆಗಲಿ ಸರ್" ಎಂದು ಹೋಗಿ ತನ್ನ ಕುರ್ಚಿಯಲ್ಲಿ ಕುಳಿತಳು.

ಮರುದಿನ ಬೆಳಗ್ಗೆ ಅವಳು ಆ ಹಳ್ಳಿಯ ಚಹಾದಂಗಡಿಗೆ ಬರುವ ಹೊತ್ತಿಗೆ, ನೆರೆದವರಿಗಾಗಿ ಮುದುಕನೊಬ್ಬ ಎಂದಿನಂತೆ ಪತ್ರಿಕೆ ಬಿಡಿಸಿ ಭವಿಷ್ಯವನ್ನು ಗಟ್ಟಿಯಾಗಿ ಓದತೊಡಗಿದ್ದ:

"ಮೇಷದಿಂದ ಮೀನದವರೆಗೆ ಹನ್ನೆರಡೂ ರಾಶಿಯವರಿಗೆ: ಬೂದಿಕೊಳದ ಕೆಳಗಿನ ಬಾವಿಗಳಲ್ಲಿ ವಿಷವಿದೆ, ಒಂದು ಹನಿಯನ್ನೂ ಕುಡಿಯಬೇಡಿ, ಇದನ್ನು ಓದುತ್ತಿರುವ ಪ್ರತಿಯೊಬ್ಬರೂ ಖಾಲಿ ಕೊಡ ಹಿಡಿದು ಇಂದೇ ಜಿಲ್ಲಾಧಿಕಾರಿಗಳ ಕಚೇರಿಗೆ ಬನ್ನಿ."