ಒಂದೇ ಒಂದು ಕಲ್ಲು

“ಒಡಿಯೋ ಅಂದ್ರೆ!” ಎರ್ಸಿಲಿಯಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಎದುರುಮನೆಗೆ ಬಂದುಬಿಟ್ಟಿದ್ದಾನೆ ಆ ಇಲಾಖೆಯವನು.”

ತಮ್ಮ ರೋಕ್ಕೊ ಸುತ್ತಿಗೆ ಹಿಡಿದು ಹಾಗೇ ನಿಂತಿದ್ದ. ಒಡೆದ ಚರಂಡಿ ಕೊಳವೆ ಸರಿಮಾಡಲೆಂದು ಅಡುಗೆಮನೆಯ ನೆಲ ಅಗೆದವನು ಅವನೇ. ಗುಂಡಿಯ ತಳದಲ್ಲಿ ಬಿಳಿ ಅಮೃತಶಿಲೆಯ ಒಂದು ಚಪ್ಪಡಿ. ಅದರ ಮೇಲೆ ಗೇಣುದ್ದದ ಅಕ್ಷರಗಳು. ರೋಮನ್ನರ ಕಾಲದ ಚೌಕ ಈ ಓಣಿಯ ಕೆಳಗೇ ಮಲಗಿದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ.

“ಅಕ್ಕಾ, ಎರಡು ಸಾವಿರ ವರ್ಷದ ಕಲ್ಲು ಕಣೇ. ಕೈ ಬರ್ತಿಲ್ಲ.”

“ನಿನ್ನ ಕಲ್ಲು ಬಂದು ನನ್ನ ಗಿರಾಕಿಗಳಿಗೆ ಪಾಸ್ತಾ ಬೇಯಿಸುತ್ತಾ? ಅಸುಂತಾ ಗತಿ ಏನಾಯ್ತು, ನೋಡಿಲ್ವಾ?”

ನೋಡಿದ್ದ. ಚರ್ಚಿನ ಹಿಂದಿನ ಬೀದಿಯ ಅಸುಂತಾ, ಪಾಪ, ತನ್ನ ಮನೆಯಲ್ಲಿ ಸಿಕ್ಕ ಕಂಬವನ್ನು ಪ್ರಾಮಾಣಿಕವಾಗಿ ಪುರಾತತ್ವ ಇಲಾಖೆಗೆ ತಿಳಿಸಿದ್ದಳು. ಇಲಾಖೆಯವರು ಬಂದರು, ಯಾರೂ ಒಳಹೋಗದಂತೆ ಬಾಗಿಲಿಗೆ ಪಟ್ಟಿ ಕಟ್ಟಿದರು, ಬೀಗ ಹಾಕಿದರು. ಈಗ ಆ ಅಡುಗೆಮನೆಯಲ್ಲಿ ಬೆಕ್ಕುಗಳು ಮರಿ ಹಾಕುತ್ತವೆ. ಅಸುಂತಾ ತಂಗಿಯ ಮನೆಯ ಸೋಫಾದ ಮೇಲೆ ಮಲಗುತ್ತಾಳೆ. ಅಂದಿನಿಂದ ಓಣಿಯಲ್ಲಿ ಕಲ್ಲು ಕಂಡವರು ಮೊದಲು ಬಾಗಿಲು ಹಾಕುತ್ತಾರೆ, ಆಮೇಲೆ ಸಿಮೆಂಟು ಕಲಸುತ್ತಾರೆ.

ಗಂಡ ಹೋದ ಮೇಲೆ ಎರ್ಸಿಲಿಯಾಗೆ ಉಳಿದದ್ದು ಈ ಮನೆ, ಮುಂದಿನ ಕೋಣೆಯ ನಾಲ್ಕು ಊಟದ ಮೇಜು. ಮನೆಗೆ ಬೀಗ ಬಿದ್ದರೆ ಅವಳಿಗೆ ಬೀದಿಯೇ. ಕಳೆದ ವಾರ ಯಾರೋ ಮೂರು ಕಾಲಿನ ಅಳತೆಯಂತ್ರ ನಿಲ್ಲಿಸಿ ಓಣಿಯನ್ನೆಲ್ಲ ಅಳೆದು ಹೋದಾಗಲೇ ಅವಳ ನಿದ್ದೆ ಹಾರಿತ್ತು. ಇಂದು ಇಲಾಖೆಯ ಗಲಾಸ್ಸೊ ಮನೆಮನೆಯ ಬಾಗಿಲು ಬಡಿಯುತ್ತಿದ್ದಾನೆ.

ಅವಳು ರೇಡಿಯೊದ ಸದ್ದು ಜೋರುಮಾಡಿ, ಸುತ್ತಿಗೆ ಕಸಿದುಕೊಂಡಳು. ಮೊದಲ ಏಟಿಗೆ ಒಂದು ಅಕ್ಷರ ಸೀಳಿತು. ಆಮೇಲೆ ನಿಲ್ಲಿಸಲಿಲ್ಲ. ಅಳುತ್ತಲೇ ಬಡಿದಳು. ಚಪ್ಪಡಿ ಜಲ್ಲಿಯಾಯಿತು. ರೋಕ್ಕೊ ಜಲ್ಲಿಯನ್ನು ಸಿಮೆಂಟಿಗೆ ಕಲಸಿ ಗುಂಡಿಗೆ ಸುರಿದ.

ಕರಣೆ ಕೆಳಗಿಡುವಷ್ಟರಲ್ಲಿ ಗಲಾಸ್ಸೊ ಬಾಗಿಲಲ್ಲಿದ್ದ. ಷರಟು ಬೆವರಿಗೆ ಬೆನ್ನಿಗಂಟಿತ್ತು. ಸೀದಾ ಬಂದು ಹಸಿ ಸಿಮೆಂಟಿನ ಮುಂದೆ ಮಂಡಿಯೂರಿದ.

“ಅಗೆದಿದ್ದೀರಿ.”

“ಚರಂಡಿ ಒಡೆದಿತ್ತು ಸಾಹೇಬ್ರೇ. ನಾತ ತಡ್ಯೋಕಾಗ್ಲಿಲ್ಲ.”

“ಏನಾದ್ರೂ ಸಿಕ್ತಾ?”

“ಮಣ್ಣು. ಮತ್ತೆ ಒಂದು ಸತ್ತ ಇಲಿ,” ಎಂದ ರೋಕ್ಕೊ. “ಮ್ಯೂಸಿಯಮ್ಮಿಗೆ ಬೇಕಿದ್ರೆ ತಗೊಂಡೋಗಿ.”

ಗಲಾಸ್ಸೊ ನಗಲಿಲ್ಲ. “ಎಲ್ಲರ ಮನೇಲೂ ಬರೀ ಮಣ್ಣೇ. ಅಷ್ಟು ದೊಡ್ಡ ಚೌಕ ಕಾಲು ಬಂದು ಎದ್ದುಹೋಯ್ತಾ? ನೋಡಮ್ಮಾ, ಸಂಜೆಯೊಳಗೆ ಒಂದೇ ಒಂದು ಕಲ್ಲು ನನ್ನ ಕಣ್ಣಿಗೆ ಬಿದ್ರೂ ಸಾಕು, ಈ ಓಣಿ ಕತೆಯೇ ಬೇರೆ ಆಗುತ್ತೆ.”

ಎರ್ಸಿಲಿಯಾ ಎದೆಯ ಮೇಲೆ ಕೈಯಿಟ್ಟಳು.

“ಸತ್ತ ನನ್ನ ಗಂಡನಾಣೆ, ಏನೂ ಇಲ್ಲ.”

ಅವನು ಎದ್ದು ಅವಳ ಎದುರು ನಿಂತ. “ಇನ್ನೊಂದ್ಸಲ ಯೋಚಿಸಿ ಹೇಳಿ. ಕಾಯ್ತೀನಿ. ದಂಡಗಿಂಡ ಏನೂ ಹಾಕಲ್ಲ.”

“ಇಲ್ಲ ಅಂದ್ನಲ್ಲ! ಎಷ್ಟು ಸಲ ಹೇಳಿಸ್ತೀರಿ?”

ಬೇಟೆ ತಪ್ಪಿದವನ ಹಾಗೆ ಅವನ ಭುಜಗಳು ಜೋತುಬಿದ್ದವು. ಪ್ಯಾಂಟಿನ ಧೂಳು ಕೂಡ ಕೊಡವದೆ ಹೊರಟುಹೋದ.

ರೋಕ್ಕೊ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. “ಗೆದ್ದೆ ಕಣಕ್ಕಾ. ಮನೆ ಉಳೀತು. ನಿನ್ನ ಮುಖ ನೋಡಿದ್ರೆ ಪಾದ್ರಿಯೂ ನಂಬ್ತಿದ್ದ!”

ಅವಳು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಅವನು ನಿಜಕ್ಕೂ ಹೋದನೇ ಎಂದು ಬಾಗಿಲ ಸಂದಿಯಿಂದ ಇಣುಕಿದಳು. ಗಲಾಸ್ಸೊ ಗೋಡೆಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ. ದನಿ ಒಡೆದಿತ್ತು.

“ಹ್ಞೂಂ, ಕಡೇ ಮನೆಯೂ ಆಯ್ತು. ವಿಷಯ ತಿಳಿದ್ರೆ ಜನ ಎಲ್ಲಿಂದಾದ್ರೂ ಕಲ್ಲು ತಂದಿಡ್ತಾರೆ ಅಂತ ನೀವು ನನ್ನ ಬಾಯಿ ಕಟ್ಟಿದ್ರಿ. ಒಂದು ಕಲ್ಲು ಸಿಕ್ಕಿದ್ರೂ ಇವರ ಮನೆ ಮುಟ್ಟೋಕೆ ಕಾನೂನೇ ಯಾರನ್ನೂ ಬಿಡ್ತಿರಲಿಲ್ಲ. ಇನ್ನು ನನ್ನ ಕೈಲಿ ಏನೂ ಇಲ್ಲ, ಹೊಸ ರೈಲುದಾರಿ ಹಾಕೋರಿಗೆ ಹೇಳಿಬಿಡಿ, ಸೋಮವಾರದಿಂದ ಓಣಿ ಪೂರ್ತಿ ಕೆಡವಲಿ.”